ದೇವರಾಜ ಮಾರ್ಕೆಟ್: ಕೆಡವಬೇಕಾ ಉಳಿಸಬೇಕಾ ಆಮೇಲೆ ನೋಡೋಣ, ಒಳಗೆ ಯಾರಿರಬೇಕು ಮೊದಲು ಹೇಳಿ

ಚಾಮುಂಡಿಪುರಂ ಹುಡುಗ

ನಮಸ್ಕಾರ ಎಲ್ಲರಿಗೂ. ಮೈಸೂರಿನವರು ನಾಲ್ಕು ಜನ ಸೇರಿದ ಕಡೆ ಊರ ನಡುವಿನ ಹಳೇ ಹೂ, ತರಕಾರಿ ಮಾರುಕಟ್ಟೆ ದೇವರಾಜ ಮಾರ್ಕೆಟ್ ಮಾತು ಬಂದರೆ ಐದು ನಿಮಿಷದಲ್ಲಿ ಎರಡು ಪಾರ್ಟಿ ಆಗುತ್ತದೆ. ಒಬ್ಬರು ಕೆಡವಿ ಹೊಸದು ಕಟ್ಟಿ ಅಂತಾರೆ, ಇನ್ನೊಬ್ಬರು ಒಂದು ಇಟ್ಟಿಗೆ ಮುಟ್ಟಿದರೂ ಬಿಡಲ್ಲ ಅಂತಾರೆ. 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆ ಕಡೆಯ ಬಾಗಿಲು ಕುಸಿದಾಗಿನಿಂದ ಇದೇ ನಡೆದಿದೆ. ಒಂದು ವರದಿ ಕೆಡವಿ ಅದೇ ರೂಪದಲ್ಲಿ ಕಟ್ಟಿ ಅನ್ನುತ್ತದೆ. ಹಳೇ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇಂಟ್ಯಾಕ್‌ನವರು ರಿಪೇರಿ ಮಾಡಿ ಉಳಿಸಬಹುದು ಅನ್ನುತ್ತಾರೆ. ಕೋರ್ಟಿಗೂ ಹೋಗಿ ಬಂದಾಯಿತು.

ನನ್ನ ಪ್ರಶ್ನೆ ಬೇರೆ. ಕೆಡವಲಿ, ಉಳಿಸಲಿ, ಕೊನೆಗೆ ಅದರೊಳಗೆ ಏನಿರುತ್ತದೆ? ಯಾರು ಕೂರುತ್ತಾರೆ? ಬಾಡಿಗೆ ಎಷ್ಟು? ಈ ಪ್ರಶ್ನೆಯನ್ನು ಯಾರೂ ಊರಿನವರ ಮುಂದೆ ಇಟ್ಟ ಹಾಗೆ ಕಾಣಲಿಲ್ಲ. ಹಾಗಾಗಿ ನಾವೇ ಇಲ್ಲಿ ಕೇಳಿಕೊಳ್ಳೋಣ. ಹಳೇ ಪುಸ್ತಕದಂಗಡಿಗಳಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಬಗ್ಗೆಯೂ ಬರೆಯಬಹುದು, ಅದರ ಹಣೆಬರಹವೂ ಇದೇ ತಾನೆ. ಒಂದೇ ವಿನಂತಿ: ಬೈದಾಡಬೇಡಿ, ರಾಜಕೀಯ ಬೇಡ.

ಬರೀ ಪಾರ್ಕಿಂಗ್ ಕೊಡಿ

ಸರ್, ನೇರವಾಗಿ ಹೇಳುತ್ತೇನೆ. ಭಾನುವಾರ ಅಲ್ಲಿಗೆ ಕಾರಲ್ಲಿ ಹೋಗಿ ನೋಡಿ. ಸಯ್ಯಾಜಿರಾವ್ ರಸ್ತೆಯಲ್ಲಿ ನಿಲ್ಲಿಸುವ ಹಾಗಿಲ್ಲ, ಧನ್ವಂತರಿ ರಸ್ತೆಯಲ್ಲಿ ಜಾಗ ಇಲ್ಲ. ಮಾರ್ಕೆಟ್ ಒಳಗೆ ಕೆಸರು, ಕೊಳೆತ ಸೊಪ್ಪು, ದನ. ಕೆಳಗೆ ಎರಡು ಅಂತಸ್ತು ಪಾರ್ಕಿಂಗ್ ಮಾಡಿ, ಮೇಲೆ ಅದೇ ಥರ ಕಮಾನು ಇಟ್ಟು ಕಟ್ಟಿದರೆ ಯಾರಿಗೆ ನಷ್ಟ? ಹೊರಗಿಂದ ನೋಡಿದರೆ ಅದೇ ಕಟ್ಟಡ. ಒಳಗೆ ಲಿಫ್ಟು, ಲೈಟು, ಟಾಯ್ಲೆಟ್ಟು. ಇದಕ್ಕೆ ಇಷ್ಟು ವರ್ಷ ಚರ್ಚೆ ಬೇಕಾ?

ಹೂವಿನ ಸಾಲು

ಮೇಲಿನ ಸರ್ ಬೇಜಾರು ಮಾಡ್ಕೋಬಾರದು. ನಮ್ಮ ಅಂಗಡಿಗೆ ಬರುವ ನೂರು ಗಿರಾಕಿಯಲ್ಲಿ ಕಾರಲ್ಲಿ ಬರುವವರು ಕಡಿಮೆ. ಸಿಟಿ ಬಸ್ ಇಳಿದು ನಡೆದುಕೊಂಡು ಬರುವವರೇ ಜಾಸ್ತಿ. ಬೆಳಗ್ಗೆ ಕೆಲಸಕ್ಕೆ ಹೋಗುವ ಹೆಂಗಸರು ಒಂದು ಮೊಳ ಮಲ್ಲಿಗೆ ತಗೊಂಡು ಬಸ್ ಹತ್ತುತ್ತಾರೆ. ಅವರನ್ನು ಲಿಫ್ಟಲ್ಲಿ ಕಳಿಸಿ ಎರಡನೇ ಮಹಡಿಯಲ್ಲಿ ಹೂ ತಗೊಳ್ಳಿ ಅಂದರೆ ಬರುತ್ತಾರಾ? ನಾನೇ ಬರಲ್ಲ.

ನಮ್ಮ ತಾತನ ಕಾಲದಿಂದ ಅಲ್ಲೇ ಇದ್ದೇವೆ. ಹೂ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನಕ್ಷೆ ಬರೆಯುವವರಿಗೆ ಇದು ಗೊತ್ತಿದ್ದ ಹಾಗೆ ಕಾಣಲ್ಲ. ಹೊತ್ತು ಹುಟ್ಟುವ ಮೊದಲೇ ಹಳ್ಳಿ ಕಡೆಯಿಂದ ಹೂವಿನ ಮೂಟೆ ಬರುತ್ತದೆ. ನಾವು ಕುರ್ಚಿ ಮೇಲೆ ಕೂರಲ್ಲ, ಕಟ್ಟೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೇವೆ. ಮುಂದೆ ಸೇವಂತಿಗೆ ರಾಶಿ, ಪಕ್ಕದಲ್ಲಿ ಕನಕಾಂಬರ, ಮರುಗ, ದವನ, ಹಿಂದೆ ಒದ್ದೆ ಗೋಣಿ ಮುಚ್ಚಿದ ಮಲ್ಲಿಗೆ ಬುಟ್ಟಿ. ಕೂತ ಕಡೆಯಿಂದ ಎದ್ದೇಳದೆ ಎಲ್ಲಾ ಕೈಗೆ ಸಿಗಬೇಕು. ಗಿರಾಕಿ ನಿಂತಾಗ ಅವರ ಕೈ ಮತ್ತು ನಮ್ಮ ಕೈ ಒಂದೇ ಎತ್ತರದಲ್ಲಿರಬೇಕು, ಮೊಳ ಹಾಕುವುದು ಅವರಿಗೆ ಕಾಣಬೇಕು. ಹಳೇ ಕಟ್ಟೆಗಳು ಆ ಲೆಕ್ಕದಲ್ಲೇ ಇವೆ. ಹೊಸ ಮಾರ್ಕೆಟ್ ಅಂತ ಎಲ್ಲಿ ಕಟ್ಟಿದರೂ ಹತ್ತಡಿ ಹತ್ತಡಿ ರೂಮು, ಮುಂದೆ ರೋಲಿಂಗ್ ಶಟರ್. ಅದು ಮೊಬೈಲ್ ಅಂಗಡಿಗೆ ಸರಿ. ಹೂವು ಅದರೊಳಗೆ ಮಧ್ಯಾಹ್ನದೊಳಗೆ ಬೆಂದು ಹೋಗುತ್ತದೆ.

ನಮಗೂ ಹಳೇ ಕಟ್ಟಡದ ಮೇಲೆ ವಿಪರೀತ ಪ್ರೀತಿ ಏನಿಲ್ಲ. ಮಳೆ ಬಂದರೆ ಮೇಲೆ ನೋಡುತ್ತಾ ಕೂರುವವರು ನಾವೇ ಅಲ್ವಾ.

ಒಂಟಿಕೊಪ್ಪಲ್ ಅಮ್ಮ

ಹೂವಿನ ಸಾಲಿನ ಅಣ್ಣ ಚೆನ್ನಾಗಿ ಬರೆದಿದ್ದೀರಿ. ನಾನು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ವರಮಹಾಲಕ್ಷ್ಮಿ ಹಬ್ಬಕ್ಕೆ ಬೇರೆ ಕಡೆ ಹೂ ತಂದಿಲ್ಲ. ಆಯುಧಪೂಜೆಗೆ ಬೂದುಗುಂಬಳ, ಬಾಳೆಕಂದು, ಎಲೆಅಡಿಕೆ ಎಲ್ಲಾ ಅಲ್ಲೇ. ರಸಬಾಳೆ ನಿಜವಾದದ್ದಾ ಅಂತ ಜಗಳ ಆಡುವುದೂ ಅಲ್ಲೇ.

ಆದರೆ ಒಂದು ಮಾತು. ಇಷ್ಟು ಚರ್ಚೆಯಲ್ಲಿ ಹೆಂಗಸರ ಶೌಚಾಲಯದ ಬಗ್ಗೆ ಯಾರಾದರೂ ಗಂಭೀರವಾಗಿ ಮಾತಾಡಿದ್ದು ನಾನು ಕೇಳಿಲ್ಲ. ಬೆಳಗ್ಗೆ ಕೂತು ರಾತ್ರಿ ಏಳುವ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಕಮಾನು ಹೀಗಿರಬೇಕು, ಬಣ್ಣ ಹಾಗಿರಬೇಕು ಅಂತ ತಿಂಗಳುಗಟ್ಟಲೆ ಜಗಳ. ಇದಕ್ಕೆ ಒಂದು ಸಾಲು ಇಲ್ಲ. ನನ್ನ ಮಟ್ಟಿಗೆ ಭವಿಷ್ಯದ ಬಳಕೆ ಅಂದರೆ ಮೊದಲು ಇದು.

ಗಾರೆ ಕೆಲಸ

ಹಳೇ ಕಟ್ಟಡಗಳ ರಿಪೇರಿಯೇ ನನ್ನ ಕಸುಬು, ಅದಕ್ಕೆ ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

"ಹಳೇದಾಯಿತು ಬಿದ್ದುಹೋಯಿತು" ಅನ್ನುವುದನ್ನು ಮೊದಲು ಬಿಡೋಣ. ಕಟ್ಟಡ ವಯಸ್ಸಿನಿಂದ ಬೀಳಲ್ಲ, ನೀರಿನಿಂದ ಬೀಳುತ್ತದೆ. ಈ ಮಾರ್ಕೆಟ್ ಕಾಲದ ಮೈಸೂರಿನ ಕಟ್ಟಡಗಳೆಲ್ಲ ಇಟ್ಟಿಗೆ, ಸುಣ್ಣದ ಗಾರೆ, ಮದ್ರಾಸ್ ತಾರಸಿ. ಅಂದರೆ ಗೋಡೆಯಿಂದ ಗೋಡೆಗೆ ಮರದ ತೊಲೆ, ಅದರ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕೂರಿಸಿರುತ್ತಾರೆ, ಮೇಲೆ ಇಟ್ಟಿಗೆ ಚೂರಿನ ಗಾರೆ ಬಡಿದು ಗಟ್ಟಿ ಮಾಡಿರುತ್ತಾರೆ. ಗಾರೆಗೆ ಸುಣ್ಣ, ಮರಳು, ಇಟ್ಟಿಗೆ ಪುಡಿ, ಕೆಲವು ಕಡೆ ಬೆಲ್ಲ ಮತ್ತು ಅಳಲೆಕಾಯಿ ನೀರು. ಗಾಣದಲ್ಲಿ ಅರೆಯುತ್ತಿದ್ದರು. ಇದು ಉಸಿರಾಡುವ ಗೋಡೆ. ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಒಳಗೆ ತಂಪಾಗಿರುವುದಕ್ಕೂ ಈ ದಪ್ಪ ಗೋಡೆಯೇ ಕಾರಣ. ಹೂವಿನವರು ಹೇಳಿದ ಶಟರ್ ರೂಮಿನ ಸೆಕೆ ಸುಮ್ನೆ ದೂರಲ್ಲ.

ನಾವು ಮಾಡಿದ್ದೇನು? ಬಿರುಕು ಕಂಡ ಕಡೆ ಸಿಮೆಂಟ್ ಮೆತ್ತಿದೆವು. ಒಳಗೆ ಹೋದ ನೀರು ಆಚೆ ಬರದ ಹಾಗಾಯಿತು. ಅದು ತೊಲೆಯ ತುದಿಗೆ, ಅಂದರೆ ಗೋಡೆಯೊಳಗೆ ಹುದುಗಿರುವ ಅರ್ಧ ಅಡಿಗೆ ಹೋಗಿ ಸೇರುತ್ತದೆ. ಹೊರಗಿನಿಂದ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ. ತುದಿ ಮಾತ್ರ ಪುಡಿಪುಡಿ. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಇಳಿಯುತ್ತದೆ. ಜೊತೆಗೆ ತಾರಸಿ ಮೇಲೆ ಅರಳಿ ಗಿಡ, ಮುಚ್ಚಿಹೋದ ನೀರಿನ ಕೊಳವೆ, ಎರಡು ಅಂಗಡಿ ಸೇರಿಸುವುದಕ್ಕೆ ಒಡೆದ ಗೋಡೆ, ಅಟ್ಟದ ಮೇಲೆ ಮೂಟೆ. ಇಷ್ಟಾದ ಮೇಲೆ ಒಂದು ಜೋರು ಮಳೆ ಸಾಕು.

ಹಾಗಾಗಿ ಬಳಕೆ ಮತ್ತು ಕಟ್ಟಡವನ್ನು ಬೇರೆ ಮಾಡಿ ಚರ್ಚೆ ಮಾಡಲು ಬರಲ್ಲ. ಕೆಳಗೆ ಎರಡು ಅಂತಸ್ತು ಪಾರ್ಕಿಂಗ್ ಅಂದರೆ ಹಳೇದನ್ನು ಪೂರ್ತಿ ತೆಗೆಯುವುದು ಅಂತಲೇ ಅರ್ಥ. ಅಲ್ಲಿ ಇನ್ನೂ ಒಂದು ವಿಷಯ ಇದೆ. ಸಯ್ಯಾಜಿರಾವ್ ರಸ್ತೆ ಆಗಿದ್ದೇ ಪೂರ್ಣಯ್ಯ ನಾಲೆಯನ್ನು 1886ರ ಹೊತ್ತಿಗೆ ಮುಚ್ಚಿದ ಮೇಲೆ. ಅಂಥ ಕಡೆ ಆಳಕ್ಕೆ ಅಗೆಯುವುದು ಕಾಗದದ ಮೇಲೆ ಗೆರೆ ಎಳೆದಷ್ಟು ಸುಲಭ ಅಲ್ಲ.

ಲೆಕ್ಕಿಗ

ಗಾರೆ ಕೆಲಸದವರು ಹೇಳಿದ್ದು ಸರಿ ಇರಬಹುದು. ನಾನು ದುಡ್ಡಿನ ಕಡೆಯಿಂದ ಹೇಳುತ್ತೇನೆ. ನಗರಾಡಳಿತದ ಲೆಕ್ಕಪತ್ರ ವಿಭಾಗದಲ್ಲಿ, ಬೇರೆ ಊರಲ್ಲಿ, ಬಹಳ ಕಾಲ ಕೆಲಸ ಮಾಡಿ ನಿವೃತ್ತನಾದವನು.

ಯಾವ ಊರಿನ ಸರ್ಕಾರಿ ಮಳಿಗೆ ತಗೊಂಡರೂ ಕಥೆ ಒಂದೇ. ಬಾಡಿಗೆ ಯಾವುದೋ ಕಾಲದ್ದು. ಪುಸ್ತಕದಲ್ಲಿ ಹೆಸರು ಒಬ್ಬರದು, ಗಲ್ಲಾಪೆಟ್ಟಿಗೆ ಮುಂದೆ ಕೂತವರು ಇನ್ನೊಬ್ಬರು. ಮೂಲ ಬಾಡಿಗೆದಾರರು ಒಳಬಾಡಿಗೆಗೆ ಕೊಟ್ಟು ಮನೆಯಲ್ಲಿರುತ್ತಾರೆ. ಬರುವ ಬಾಡಿಗೆ ಸುಣ್ಣ ಬಳಿಯುವುದಕ್ಕೂ ಸಾಲುವುದಿಲ್ಲ. ದುಡ್ಡಿಲ್ಲ ಅಂತ ರಿಪೇರಿ ಇಲ್ಲ, ರಿಪೇರಿ ಇಲ್ಲ ಅಂತ ಬಾಡಿಗೆ ಏರಿಸಲು ಬಿಡುವುದಿಲ್ಲ. ವ್ಯಾಪಾರಿಗಳೂ ಇದನ್ನು ಒಪ್ಪಿಕೊಳ್ಳಬೇಕು. ಉಳಿಸಿ ಅಂತ ಕೇಳುವವರು ನ್ಯಾಯವಾದ ಬಾಡಿಗೆಗೂ ತಯಾರಿದ್ದೇವೆ ಅನ್ನಬೇಕಲ್ಲ?

ಇನ್ನೊಂದು ಕಡೆ, ಹೊಸ ಕಟ್ಟಡ ಎದ್ದ ಕೂಡಲೇ ಹರಾಜಿನ ಮಾತು ಬರುತ್ತದೆ. ಹರಾಜಾದರೆ ಊರ ನಡುವಿನ ಆ ಜಾಗಕ್ಕೆ ದುಡ್ಡಿರುವವನು ಬರುತ್ತಾನೆ. ಎಲೆಅಡಿಕೆಯವರು ಚಿನ್ನದ ಅಂಗಡಿಯವರ ಜೊತೆ ಕೂಗಿ ಗೆಲ್ಲುತ್ತಾರಾ? ಹಾಗಾಗಿ ಈಗ ನಿಜವಾಗಿ ಕೂತು ವ್ಯಾಪಾರ ಮಾಡುತ್ತಿರುವವರ ಪಟ್ಟಿ ಮೊದಲು ಆಗಬೇಕು, ಎಲ್ಲರಿಗೂ ಕಾಣುವ ಹಾಗೆ ಅಂಟಿಸಬೇಕು. ಗುದ್ದಲಿ ಪೂಜೆ ಆದ ಮೇಲೆ ಪಟ್ಟಿ ಮಾಡಹೊರಟರೆ ಯಾರ್ಯಾರದೋ ಹೆಸರು ಸೇರುತ್ತದೆ.

ಹೂವಿನ ಸಾಲು

ಲೆಕ್ಕಿಗ ಸರ್, ಬಾಡಿಗೆ ಏರಿಸಿ, ಬೇಡ ಅನ್ನಲ್ಲ. ಆದರೆ ಅದು ಸೋರುವುದು ನಿಂತ ಮೇಲೆ. ಒಳಬಾಡಿಗೆ ವಿಷಯ ನೀವು ಹೇಳಿದ ಹಾಗೇ ಇದೆ, ಅದನ್ನು ಇಲ್ಲಿ ಬಿಡಿಸಿ ಬರೆದರೆ ನಾಳೆ ನನ್ನನ್ನು ಸಾಲಿನಲ್ಲಿ ಕೂರಿಸಲ್ಲ. 😀

ಮೈಸೂರ್ ಬ್ರ್ಯಾಂಡ್

ಎಲ್ಲರೂ ಹಳೇ ಕಾಲದಲ್ಲೇ ಇದ್ದೀರಿ. ಪ್ರವಾಸಿಗರು ಅರಮನೆ ನೋಡಿ ಹಾಗೇ ಊಟಿಗೆ ಹೋಗುತ್ತಾರೆ. ಮಾರ್ಕೆಟ್ಟನ್ನು ಹೆರಿಟೇಜ್ ಬಜಾರ್ ಮಾಡಿ. ರೇಷ್ಮೆ, ಗಂಧ, ಇನ್‌ಲೇ ಕೆಲಸ, ಅಗರಬತ್ತಿ, ಮೈಸೂರು ಪಾಕ್. ಸಂಜೆ ಲೈಟಿಂಗ್, ಫುಡ್ ಕೋರ್ಟ್, ಒಂದು ಕಡೆ ಕುಂಕುಮದ ಗುಡ್ಡೆ ಮುಂದೆ ಸೆಲ್ಫಿ ಪಾಯಿಂಟ್. ತರಕಾರಿ ಸಗಟು ವ್ಯಾಪಾರ ಊರ ಹೊರಗೆ ಹೋಗಲಿ. ದುಡ್ಡೂ ಬರುತ್ತದೆ, ಕಟ್ಟಡವೂ ಉಳಿಯುತ್ತದೆ.

ಥೇಮ್ಸ್ ದಡದ ಮೈಸೂರಿಗ

ಬ್ರ್ಯಾಂಡ್ ಅವರೇ, ನೀವು ಹೇಳಿದ್ದು ಇಲ್ಲಿ ಲಂಡನ್ನಿನಲ್ಲಿ ಆಗಿಹೋಗಿದೆ. ಕೋವೆಂಟ್ ಗಾರ್ಡನ್ ಅಂತ ಕೇಳಿರುತ್ತೀರಿ. ಮುನ್ನೂರು ವರ್ಷದ ಹಣ್ಣು, ತರಕಾರಿ, ಹೂವಿನ ಮಾರುಕಟ್ಟೆ. 1974ರಲ್ಲಿ ವ್ಯಾಪಾರವನ್ನೆಲ್ಲ ನೈನ್ ಎಲ್ಮ್ಸ್ ಅನ್ನುವ ಕಡೆಗೆ ಸಾಗಿಸಿದರು. ಸುತ್ತಮುತ್ತ ಕೆಡವಿ ರಸ್ತೆ, ಆಫೀಸು ಕಟ್ಟುವ ಯೋಜನೆ ಇತ್ತು. ಅಲ್ಲಿನ ನಿವಾಸಿಗಳು ಬೀದಿಗಿಳಿದು ಗಲಾಟೆ ಮಾಡಿದ್ದರಿಂದ ನಿಂತಿತು. 1980ರಲ್ಲಿ ಹಳೇ ಕಟ್ಟಡ ರಿಪೇರಿಯಾಗಿ ಮತ್ತೆ ತೆರೆಯಿತು. ಕಟ್ಟಡ ಗೆದ್ದಿತು ಅಂತ ಎಲ್ಲರೂ ಹೊಗಳುತ್ತಾರೆ, ನಿಜಕ್ಕೂ ಚೆಂದ ಇದೆ.

ಆದರೆ ಅಲ್ಲಿ ಇವತ್ತು ಮನೆಗೆ ಬೇಕಾದ ಒಂದು ಕೆ.ಜಿ. ಆಲೂಗಡ್ಡೆ ಹುಡುಕಿ ನೋಡಿ. ಸುಗಂಧದ ಅಂಗಡಿ, ಕಾಫಿ, ಚಾಕೊಲೇಟ್, ಕೈಚಳಕ ತೋರಿಸುವವರು. ನೋಡುವವರೆಲ್ಲ ಹೊರಗಿನವರು. ನೆಂಟರು ಬಂದಾಗ ಕರೆದುಕೊಂಡು ಹೋಗುತ್ತೇನೆ, ನನ್ನ ಸಾಮಾನಿಗೆ ಬೇರೆ ಕಡೆ ಹೋಗುತ್ತೇನೆ. ಪ್ಯಾರಿಸ್ಸಿನ ಲೆ ಆಲ್ ಇನ್ನೂ ಕಷ್ಟ. 1969ರಲ್ಲಿ ಮಾರುಕಟ್ಟೆಯನ್ನು ಊರಾಚೆ ರುಂಜಿಸ್‌ಗೆ ಕಳಿಸಿದರು, ಆಮೇಲೆ ಕಬ್ಬಿಣದ ಆ ಮಂಟಪಗಳನ್ನೂ ಕೆಡವಿದರು. ಅಲ್ಲಿ ಈಗ ಶಾಪಿಂಗ್ ಮಾಲು.

ಕುಂಕುಮದ ಗುಡ್ಡೆ ಚೆಂದ ಕಾಣುವುದು ಅದನ್ನು ಮೈಸೂರಿನವರು ದಿನಾ ಕೊಳ್ಳುವುದರಿಂದ. ಪ್ರವಾಸಿಗರು ನೋಡಲು ಬರುವುದೂ ಅದನ್ನೇ. ಕೊಳ್ಳುವವರನ್ನು ಆಚೆ ಕಳಿಸಿ ಗುಡ್ಡೆ ಮಾತ್ರ ಇಟ್ಟುಕೊಂಡರೆ ಎಷ್ಟು ದಿನ ನಡೆಯುತ್ತದೆ?

ಮೈಸೂರ್ ಬ್ರ್ಯಾಂಡ್

ಒಪ್ಪಿದೆ ಅಂತ ಹೇಳಲ್ಲ. ಆದರೆ ತರಕಾರಿ ಇರಲಿ ಬಿಡಿ, ಒಂದು ಭಾಗ. ಲೈಟಿಂಗ್ ಮಾತ್ರ ಬೇಕೇ ಬೇಕು.

ಕುಡ್ಲದವ

ಮಾರಾಯ್ರೇ, ನಮ್ಮ ಮಂಗಳೂರಿನ ಕಥೆ ಕೇಳಿ. ಸೆಂಟ್ರಲ್ ಮಾರ್ಕೆಟ್ ಅಂತ ಇತ್ತು. 2020ರಲ್ಲಿ ಕೊರೊನಾ ಹೊತ್ತಿಗೆ ವ್ಯಾಪಾರಿಗಳನ್ನು ಬೈಕಂಪಾಡಿಯ ಎಪಿಎಂಸಿಗೆ ಕಳಿಸಿದರು. ಊರಿನಿಂದ ಎಷ್ಟು ದೂರ ಗೊತ್ತುಂಟಲ್ಲ? ಕೋರ್ಟು, ಕಚೇರಿ ಎಲ್ಲ ಆಯಿತು. ಹಳೇ ಕಟ್ಟಡ ಈಗ ಇಲ್ಲ. ಹೊಸತು ದೊಡ್ಡದಾಗಿ ಬರಲಿ, ಬೇಡ ಅಂತ ಅಲ್ಲ. ಆದರೆ ಮಧ್ಯದ ವರ್ಷಗಳಲ್ಲಿ ಗಿರಾಕಿ ಬೇರೆ ದಾರಿ ಹಿಡಿದಾಯಿತು. ಒಮ್ಮೆ ಗಿರಾಕಿಯ ಕಾಲು ಬೇರೆ ಕಡೆ ತಿರುಗಿದರೆ ಮತ್ತೆ ತಿರುಗಿಸುವುದು ಭಾರೀ ಕಷ್ಟ. ನೀವು ಹೊಸ ಕಟ್ಟಡದ ಚಿತ್ರ ನೋಡುವ ಮೊದಲು ತಾತ್ಕಾಲಿಕ ಜಾಗ ಎಲ್ಲಿ, ಎಷ್ಟು ದಿನಕ್ಕೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಆಗುವುದಿಲ್ಲ.

ಶಿವಾಜಿನಗರ ಕಡೆ

ಬೆಂಗಳೂರಿಂದ ಒಂದು ಉದಾಹರಣೆ. ರಸೆಲ್ ಮಾರ್ಕೆಟ್, 1927ರ ಕಟ್ಟಡ. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಬಹಳ ಅಂಗಡಿ ಸುಟ್ಟುಹೋದವು. ವ್ಯಾಪಾರಿಗಳೇ ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಕೊಂಡು ಮತ್ತೆ ಕೂತರು. ಅಂದರೆ ವ್ಯಾಪಾರಿಗಳಿಗೆ ಸೇರಿ ಕೆಲಸ ಮಾಡಲು ಬರುತ್ತದೆ. ಆದರೆ ವೈರಿಂಗ್ ವಿಷಯದಲ್ಲಿ ಹುಷಾರು. ಹಳೇ ಮಾರ್ಕೆಟ್ಟುಗಳಲ್ಲಿ ತಲೆ ಮೇಲೆ ನೋಡಿದರೆ ಜೇಡರ ಬಲೆ ಥರ ವೈರು, ಒಂದು ಬೋರ್ಡಿಂದ ಹತ್ತು ಬಲ್ಬು. ಏನೇ ಬಳಕೆ ಅಂತ ತೀರ್ಮಾನ ಆದರೂ ಇದು ಮೊದಲು ಬದಲಾಗಬೇಕು.

ಹಳೇ ಪುಸ್ತಕದ ಗಿರಾಕಿ

ಎಲ್ಲರೂ ಮಾರ್ಕೆಟ್ ಮಾತೇ ಆಡಿದಿರಿ. ಲ್ಯಾನ್ಸ್‌ಡೌನ್ ಬಗ್ಗೆ ಬರೆಯುತ್ತೇನೆ. ವೈಸರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ 1892ರಲ್ಲಿ ಕಟ್ಟಿದ್ದು. ನಮ್ಮಂಥವರಿಗೆ ಅದು ಹಳೇ ಪುಸ್ತಕದ ಬೀದಿ. ಇಂಜಿನಿಯರಿಂಗ್ ಪುಸ್ತಕ ಅರ್ಧ ಬೆಲೆಗೆ ಕೊಂಡು, ವರ್ಷ ಮುಗಿದ ಮೇಲೆ ಅಲ್ಲೇ ಕಾಲು ಬೆಲೆಗೆ ಮಾರಿದ ಮೈಸೂರಿನ ಹುಡುಗರು ಲೆಕ್ಕವಿಲ್ಲ. ಇದು ಮತ್ತೆ ಪುಸ್ತಕದ ಬಜಾರೇ ಆಗಲಿ. ಕೆಳಗೆ ಅಂಗಡಿ, ಮೇಲೆ ಸಾರ್ವಜನಿಕ ಗ್ರಂಥಾಲಯ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಒಂದು ಹಾಲ್.

ಅಶೋಕ ರಸ್ತೆ

2012ರ ಆಗಸ್ಟ್ 25. ಲ್ಯಾನ್ಸ್‌ಡೌನ್‌ನ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಪುಸ್ತಕದ ಬೀದಿ, ನೆನಪು, ಪರಂಪರೆ ಅಂತ ಬರೆಯುವಾಗ ಅದನ್ನೂ ಬರೆಯಿರಿ. 2022ರಲ್ಲಿ ಮಹಾರಾಣಿ ಕಾಲೇಜಿನ ಹಳೇ ಕಟ್ಟಡದ ಭಾಗವೂ ಬಿತ್ತು. ಅದೃಷ್ಟಕ್ಕೆ ಮಕ್ಕಳು ಒಳಗಿರಲಿಲ್ಲ. ಉಳಿಸಿ ಅನ್ನುವವರು ಸಹಿ ಹಾಕುತ್ತೀರಾ, ನಾಳೆ ಬಿದ್ದರೆ ನಾವು ಹೊಣೆ ಅಂತ? ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯ ಹಳೇ ಕಟ್ಟಡಗಳ ಮೇಲೆ ಜನ ಹತ್ತುವುದನ್ನು ನೋಡಿದರೆ ನನಗೆ ಆನೆ ಕಾಣಲ್ಲ, ಪ್ಯಾರಪೆಟ್ ಗೋಡೆಯೇ ಕಾಣುತ್ತದೆ.

ಗಾರೆ ಕೆಲಸ

ಅಶೋಕ ರಸ್ತೆಯವರೇ, ಇದನ್ನು ತಳ್ಳಿಹಾಕುವ ಹಾಗಿಲ್ಲ. ಉಳಿಸುವುದು ಅಂದರೆ ಹಾಗೇ ಬಿಡುವುದು ಅಲ್ಲ. ಲ್ಯಾನ್ಸ್‌ಡೌನ್ ವಿಷಯದಲ್ಲಿ ಜನರನ್ನು ಆಚೆ ಕಳಿಸಿ ಬಾಗಿಲು ಹಾಕಿ ವರ್ಷಗಟ್ಟಲೆ ಬಿಟ್ಟರು. ಖಾಲಿ ಕಟ್ಟಡ ಇನ್ನೂ ಬೇಗ ಹಾಳಾಗುತ್ತದೆ, ಯಾಕೆಂದರೆ ತಾರಸಿಯ ಎಲೆ ಗುಡಿಸುವವರೂ ಇರುವುದಿಲ್ಲ. ತೀರ್ಮಾನ ಯಾವುದೇ ಆಗಲಿ, ಅಲ್ಲಿಯವರೆಗೆ ಆಸರೆಗೆ ಕಂಬ ಕೊಡಿ, ಗಿಡ ಕೀಳಿ, ನೀರಿಗೆ ದಾರಿ ಬಿಡಿ. ಇದಕ್ಕೆ ಯಾವ ಸಮಿತಿಯೂ ಬೇಕಾಗಿಲ್ಲ.

ಹಳೇ ಪುಸ್ತಕದವರಿಗೆ ಒಂದು ಮಾತು. ಗ್ರಂಥಾಲಯ ಅಂದ ಕೂಡಲೇ ಎಲ್ಲರಿಗೂ ಖುಷಿ, ಇಂಜಿನಿಯರಿಗೆ ಮಾತ್ರ ಎದೆ ಢವಢವ. ಪುಸ್ತಕದ ಕಪಾಟು ತುಂಬಿದ ಕೋಣೆಗೆ ಮನೆಯ ಕೋಣೆಗಿಂತ ಮೂರು ಪಟ್ಟು ಅಥವಾ ಇನ್ನೂ ಜಾಸ್ತಿ ಭಾರ ಹಿಡಿದು ಲೆಕ್ಕ ಹಾಕಬೇಕು. ಮರದ ತೊಲೆಯ ಮೇಲ್ಮಹಡಿಗೆ ಅದು ಆಗದ ಮಾತು. ಉಲ್ಟಾ ಮಾಡಿ. ಪುಸ್ತಕವೆಲ್ಲ ಕೆಳಗೆ, ಓದುವವರು ಮೇಲೆ, ಅದೂ ಒಂದು ಮಿತಿಯಲ್ಲಿ.

ಹಳೇ ಪುಸ್ತಕದ ಗಿರಾಕಿ

ಇದು ಚೆನ್ನಾಗಿದೆ. ಮೇಲಿನ ಹುಡುಗರು ಕೆಳಗೆ ಇಳಿದು ಪುಸ್ತಕ ಕೊಳ್ಳುತ್ತಾರೆ, ಅಂಗಡಿಯವರಿಗೂ ವ್ಯಾಪಾರ. ಅಶೋಕ ರಸ್ತೆಯವರೇ, ನಿಮ್ಮ ಮಾತು ನಾಟಿತು. ರಿಪೇರಿ ಪೂರ್ತಿ ಆಗಿ, ಸ್ವತಂತ್ರ ಇಂಜಿನಿಯರು ಬರೆದುಕೊಟ್ಟು, ಆ ಕಾಗದ ಬಾಗಿಲಲ್ಲಿ ಅಂಟಿಸುವವರೆಗೆ ಒಳಗೆ ಯಾರನ್ನೂ ಬಿಡಬಾರದು. ನಾನೂ ಹೋಗಲ್ಲ.

ಬರೀ ಪಾರ್ಕಿಂಗ್ ಕೊಡಿ

ನನ್ನ ಕಾರಿನ ಬಗ್ಗೆ ಯಾರಿಗೂ ಕನಿಕರ ಇಲ್ಲ ಅಂತ ಗೊತ್ತಾಯಿತು. ಸರಿ. ಮಾರ್ಕೆಟ್ ಕೆಳಗೆ ಬೇಡ, ಸುತ್ತ ಎಲ್ಲಾದರೂ ಮಾಡಿ, ಅಲ್ಲಿಂದ ಹತ್ತು ನಿಮಿಷ ನಡೆಯಲು ನಾನು ತಯಾರು. ನಡೆಯಲು ಫುಟ್‌ಪಾತ್ ಇರಬೇಕಷ್ಟೆ.

ಚಾಮುಂಡಿಪುರಂ ಹುಡುಗ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಲೆಕ್ಕಿಗ ಸರ್ ಹೇಳಿದ ಪಟ್ಟಿ, ಕುಡ್ಲದವರು ಹೇಳಿದ ತಾತ್ಕಾಲಿಕ ಜಾಗ, ಅಮ್ಮ ಹೇಳಿದ ಶೌಚಾಲಯ, ಇವು ಮೂರೂ ಯಾವ ವಿನ್ಯಾಸ ಬಂದರೂ ಬೇಕಾದವು. ಇದನ್ನು ಕೇಳಲು ವರದಿಗಳ ಜಗಳ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಗಾರೆ ಕೆಲಸದವರಿಗೆ ಒಂದು ಪ್ರಶ್ನೆ: ಎಲ್ಲರನ್ನೂ ಎಬ್ಬಿಸದೆ ಒಂದೊಂದೇ ಭಾಗ ರಿಪೇರಿ ಮಾಡಲು ಆಗುತ್ತದಾ?

ಗಾರೆ ಕೆಲಸ

ಇಂಥ ಉದ್ದದ ಕಟ್ಟಡದಲ್ಲಿ ಸಾಮಾನ್ಯವಾಗಿ ಆಗುತ್ತದೆ. ಬಿದ್ದ ಕಡೆಯಿಂದ ಶುರು ಮಾಡಿ, ಅದು ಮುಗಿದ ಮೇಲೆ ಪಕ್ಕದ ಸಾಲಿನವರನ್ನು ಅಲ್ಲಿಗೆ ತಂದು ಕೂರಿಸಿ, ಅವರ ಜಾಗ ಹಿಡಿಯುವುದು. ನಿಧಾನ. ಗಾರೆ ಒಣಗಲು ಸಮಯ ಬೇಕು, ಮಳೆಗಾಲದಲ್ಲಿ ತಾರಸಿ ಬಿಚ್ಚುವ ಹಾಗಿಲ್ಲ, ದಸರಾ ಹೊತ್ತಿಗೆ ಕೆಲಸ ನಿಲ್ಲಿಸಬೇಕು. ಗುತ್ತಿಗೆದಾರರಿಗೆ ಇದು ಇಷ್ಟ ಆಗಲ್ಲ. ಮತ್ತೆ, ಪ್ರತಿ ಗೋಡೆ ಪರೀಕ್ಷೆ ಮಾಡಿದ ಮೇಲೆ ಕೆಲವು ಭಾಗ ಉಳಿಸಲು ಆಗಲ್ಲ ಅಂತ ಬಂದರೆ ಅದನ್ನು ಒಪ್ಪಬೇಕು. ನನಗೆ ಅದರಲ್ಲಿ ಹಟ ಇಲ್ಲ. ಆದರೆ ಆ ಭಾಗವನ್ನು ಮತ್ತೆ ಕಟ್ಟುವಾಗಲೂ ಕಟ್ಟೆ ಕಟ್ಟೆಯಾಗಿಯೇ ಬರಬೇಕು, ಶಟರ್ ರೂಮ್ ಆಗಬಾರದು. ಅದಕ್ಕೆ ಈಗಿನ ಅಳತೆ ಬೇಕು. ಕಟ್ಟೆಯ ಎತ್ತರ, ಅಗಲ, ಓಡಾಡುವ ದಾರಿ, ಬೆಳಕು ಬರುವ ಜಾಗ, ಎಲ್ಲಾ.

ಹೂವಿನ ಸಾಲು

ಅಳತೆ ತಗೊಳ್ಳಲು ಬನ್ನಿ ಸರ್, ನಮ್ಮ ಸಾಲಿನಲ್ಲಿ ನಾನು ಮಾತಾಡಿ ಇಡುತ್ತೇನೆ. ಬಾಳೆಹಣ್ಣಿನ ಕಡೆಗೆ, ಎಲೆ ಕಡೆಗೆ ನೀವೇ ಬಂದು ಕೇಳಿದರೆ ಒಳ್ಳೆಯದು, ನಾನು ಕೇಳಿದರೆ ಹೂವಿನವರಿಗೆ ಮಾತ್ರ ಏನೋ ಬರುತ್ತಿದೆ ಅಂದುಕೊಳ್ಳುತ್ತಾರೆ. ಬೆಳಗಿನ ಜಾವ ಮಾತ್ರ ಬರಬೇಡಿ, ಆಗ ನಾವು ದೇವರು ಬಂದರೂ ಮಾತಾಡಲ್ಲ. ಶುಕ್ರವಾರ ಬೇಡವೇ ಬೇಡ. ಮಧ್ಯಾಹ್ನ ಎರಡರ ಮೇಲೆ ಬನ್ನಿ, ಟೇಪು ನೀವೇ ತನ್ನಿ, ಮೊಳದಲ್ಲಿ ಅಳೆದರೆ ಇಂಜಿನಿಯರು ಒಪ್ಪಲ್ಲ.

ಒಂಟಿಕೊಪ್ಪಲ್ ಅಮ್ಮ

ನಾನೂ ಬರುತ್ತೇನೆ. ಹೆಂಗಸರ ಹತ್ತಿರ ಶೌಚಾಲಯದ ವಿಷಯ ನೀವು ಗಂಡಸರು ಕೇಳಿದರೆ ಯಾರೂ ಬಾಯಿ ಬಿಡಲ್ಲ.